ಆಟದ ವಿಮಾನ ಅಲ್ಲ ಮಾರಾಯ್ರೆ, ಆಯುಷ್ಯದ ಹುಚ್ಚು!

ಬೈಂದೂರಿನಲ್ಲಿ ಬಸ್ ಹತ್ತಿ ಬ್ರಹ್ಮಾವರದಲ್ಲಿ ಇಳಿಯುವವರಿಗೆ ಆ ದಾರಿ ಎಷ್ಟುದ್ದ ಅಂತ ಹೇಳಿಕೊಡಬೇಕಾಗಿಲ್ಲ. 60 ಕಿಲೋಮೀಟರಿಗೆ ಸ್ವಲ್ಪ ಕಡಿಮೆ. ಮರವಂತೆಯಲ್ಲಿ ಕಡಲು ಕಾಣುವವರೆಗೆ ಒಂದು ನಿದ್ದೆ, ಕುಂದಾಪುರ ಶಾಸ್ತ್ರಿ ಸರ್ಕಲ್ಲಿನಲ್ಲಿ ಜನ ಹತ್ತಿಳಿಯುವಾಗ ಒಂದು ಎಚ್ಚರ. ಇಂಥ ಐವತ್ತು ಚಿಲ್ಲರೆ ಟ್ರಿಪ್ಪು ಒಂದರ ಹಿಂದೊಂದು, ಎಲ್ಲೂ ನಿಲ್ಲಿಸದೆ, ಚಾ ಕುಡಿಯದೆ ಹೊಡೆದರೆ ಎಷ್ಟು ದೂರವಾದೀತೋ ಅಷ್ಟು ದೂರವನ್ನು 2003ರ ಆಗಸ್ಟ್ ತಿಂಗಳಲ್ಲಿ ಒಂದು ವಿಮಾನ ಹಾರಿ ಮುಗಿಸಿತು. ಕೆಳಗೆ ಬರೀ ಅಟ್ಲಾಂಟಿಕ್ ಸಾಗರ.

ವಿಶೇಷ ಅದಲ್ಲ. ಆ ವಿಮಾನದಲ್ಲಿ ಪೈಲಟ್ ಇರಲಿಲ್ಲ, ಪ್ರಯಾಣಿಕರೂ ಇರಲಿಲ್ಲ. ರೆಕ್ಕೆಯ ಈ ತುದಿಯಿಂದ ಆ ತುದಿಗೆ ಸುಮಾರು 6 ಅಡಿ. ಎಣ್ಣೆ ತುಂಬಿಸಿದ ಮೇಲೂ ತೂಕ 5 ಕಿಲೋ ಒಳಗೆ. ನಮ್ಮ ದಿನಸಿ ಅಂಗಡಿಯವರು ಒಂದು ಕೈಯಲ್ಲಿ ಎತ್ತಿ ಗಿರಾಕಿಯ ಚೀಲಕ್ಕೆ ಹಾಕುವ ಸಕ್ಕರೆ ಪೊಟ್ಟಣದಷ್ಟು! ಕುಡಿದ ಎಣ್ಣೆ ನಾಲ್ಕು ಲೀಟರಿಗಿಂತ ಕಡಿಮೆ. ಅದೂ ವಿಮಾನದ ಎಣ್ಣೆಯಲ್ಲ, ಕ್ಯಾಂಪಿಗೆ ಹೋಗುವವರು ಲಾಂದ್ರಕ್ಕೆ ಹಾಕುವ ಎಣ್ಣೆ. ನಮ್ಮ ಆಟದ ರಂಗಸ್ಥಳದಲ್ಲಿ ಹಿಂದೆ ಉರಿಯುತ್ತಿದ್ದ ಪೆಟ್ರೋಮ್ಯಾಕ್ಸಿನ ದಾಯಾದಿ ಅಂದುಕೊಳ್ಳಿ ಆ ಲಾಂದ್ರವನ್ನು.

ಆಗಸ್ಟ್ 9ರಂದು ಕೆನಡಾದ ನ್ಯೂಫೌಂಡ್‌ಲ್ಯಾಂಡಿನ ಕೇಪ್ ಸ್ಪಿಯರ್ ಎಂಬಲ್ಲಿ ಅದನ್ನು ಕೈಯಿಂದ ಎಸೆದು ಹಾರಿಬಿಟ್ಟರು. 38 ಗಂಟೆ 52 ನಿಮಿಷ ಕಳೆದು, ಆಗಸ್ಟ್ 11ರಂದು, ಐರ್ಲೆಂಡಿನ ಕ್ಲಿಫ್ಡೆನ್ ಹತ್ತಿರದ ಕಡಲತಡಿಯಲ್ಲಿ ಇಳಿಯಿತು. ಸುಮಾರು 3,028 ಕಿಲೋಮೀಟರ್. ವೇಗ ಗಂಟೆಗೆ ಸರಾಸರಿ 78ರ ಆಸುಪಾಸು, ನಮ್ಮ ಎಕ್ಸ್‌ಪ್ರೆಸ್ ಬಸ್ಸಿನವರು ಕೇಳಿದರೆ ನಕ್ಕಾರು. ಹತ್ತಿಸುವಾಗ, ಇಳಿಸುವಾಗ ಮಾತ್ರ ನೆಲದ ಮೇಲಿನ ಮನುಷ್ಯರ ಕೈಯಲ್ಲಿದ್ದ ರೇಡಿಯೋ ಪೆಟ್ಟಿಗೆಯಿಂದ ಹತೋಟಿ. ನಡುದಾರಿಯಲ್ಲಿ ಅದರ ಹೊಟ್ಟೆಯೊಳಗಿನ ಪುಟ್ಟ ಯಂತ್ರವೇ ಉಪಗ್ರಹವನ್ನು ಕೇಳಿಕೊಂಡು ದಿಕ್ಕು ಹಿಡಿಯಿತು. 1919ರಲ್ಲಿ ಆಲ್ಕಾಕ್ ಮತ್ತು ಬ್ರೌನ್ ಎಂಬ ಇಬ್ಬರು ಮೊದಲ ಬಾರಿಗೆ ಎಲ್ಲೂ ಇಳಿಯದೆ ಅಟ್ಲಾಂಟಿಕ್ ದಾಟಿದ್ದೂ ನ್ಯೂಫೌಂಡ್‌ಲ್ಯಾಂಡಿನಿಂದ ಇದೇ ಕ್ಲಿಫ್ಡೆನ್ನಿಗೆ.

ಈಗ ಕೇಳಿ ಮುಖ್ಯ ವಿಷಯ. ಇದನ್ನು ಕಟ್ಟಿದ ತಂಡದ ಯಜಮಾನ ಮೇನಾರ್ಡ್ ಹಿಲ್. ಹುಟ್ಟಿದ್ದು 1926ರಲ್ಲಿ, ಅಂದರೆ ಆಗ ಅವರಿಗೆ 77. ಕಣ್ಣು ಹೋಗಿತ್ತು. ಅಮೆರಿಕದ ಕಾನೂನಿನ ಲೆಕ್ಕದಲ್ಲಿ ಅವರು ಕುರುಡರು. ಕಿವಿಯೂ ಮಂದ. ಬಾಲ್ಸಾ ಮರದ ಪಟ್ಟಿಯನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿ ಕೆಲಸ ಮಾಡುವ ಸ್ಥಿತಿ. 2002ರಲ್ಲಿ ಮಾಡಿದ ಪ್ರಯತ್ನಗಳು ಸಮುದ್ರದ ಪಾಲಾಗಿದ್ದವು. ಆ ವಯಸ್ಸಿನಲ್ಲಿ, ಆ ಕಣ್ಣಿನಲ್ಲಿ, ಮತ್ತೆ ಮತ್ತೆ ಕಟ್ಟಿದರು. ಅವರೇನೂ ನಿನ್ನೆ ಮೊನ್ನೆ ಶುರು ಮಾಡಿದವರಲ್ಲ. 1970ರಲ್ಲೇ ತಮ್ಮ ಮಾದರಿ ವಿಮಾನವನ್ನು 8,205 ಮೀಟರ್ ಎತ್ತರಕ್ಕೆ ಏರಿಸಿ ದಾಖಲೆ ಮಾಡಿದ್ದ ಆಸಾಮಿ. 2011ರಲ್ಲಿ ತೀರಿಕೊಂಡರು.

"ಮಕ್ಕಳಾಟ್ಕೆ ಎಂತಕ್ಕೆ ಇಷ್ಟ್ ದುಡ್ಡ್ ಹಾಳ್ ಮಾಡುದ್?" ಎಂದು ನಮ್ಮ ಕಡೆಯ ಯಾವುದೇ ಅಪ್ಪ ಕೇಳುವ ಪ್ರಶ್ನೆ. ಕೇಳಲಿ, ತಪ್ಪಿಲ್ಲ. ಆದರೆ ಇದು ಮಕ್ಕಳಾಟವಾಗಿದ್ದರೆ 77ರ ಮುದುಕನನ್ನು ಯಾಕೆ ಬಿಡಲಿಲ್ಲ?

ರಬ್ಬರ್ ಬ್ಯಾಂಡಿನಿಂದ ಶುರು

ನಿಜ ಹೇಳಬೇಕೆಂದರೆ ದೊಡ್ಡ ವಿಮಾನ ಹುಟ್ಟಿದ್ದೇ ಸಣ್ಣ ವಿಮಾನದ ಹೊಟ್ಟೆಯಲ್ಲಿ. 1871ರಲ್ಲಿ ಪ್ಯಾರಿಸ್ಸಿನ ಒಂದು ತೋಟದಲ್ಲಿ ಅಲ್ಫೋನ್ಸ್ ಪೆನೋ ಎಂಬ ಫ್ರೆಂಚ್ ಹುಡುಗ ರಬ್ಬರ್ ತಿರುಚಿ ಬಿಟ್ಟ ಮಾದರಿ ವಿಮಾನ 11 ಸೆಕೆಂಡ್ ಹಾರಿತು. ಪೆನೋ ಮಾಡಿದ ಬಗೆಯದೇ ಒಂದು ರಬ್ಬರ್ ಆಟಿಕೆಯನ್ನು 1878ರಲ್ಲಿ ಅಮೆರಿಕದ ಒಬ್ಬ ಪಾದ್ರಿ ತನ್ನ ಇಬ್ಬರು ಹುಡುಗರಿಗೆ ತಂದುಕೊಟ್ಟರು. ಹುಡುಗರು ಅದು ಮುರಿಯುವವರೆಗೆ ಹಾರಿಸಿದರು, ಮುರಿದ ಮೇಲೆ ತಾವೇ ಅಂಥದ್ದನ್ನು ಮಾಡಲು ಕೂತರು. ಆ ಹುಡುಗರ ಹೆಸರು ವಿಲ್ಬರ್ ಮತ್ತು ಆರ್ವಿಲ್ ರೈಟ್. ಮುಂದಿನದ್ದು ಶಾಲೆಯ ಪಾಠದಲ್ಲೇ ಇದೆ.

ನಮ್ಮ ರಾಜ್ಯಕ್ಕೂ ಇದರ ಎಳೆ ಬಂದು ಮುಟ್ಟುತ್ತದೆ. 1907ರಲ್ಲಿ ಲಂಡನ್ನಿನಲ್ಲಿ ಪತ್ರಿಕೆಯೊಂದು ಮಾದರಿ ವಿಮಾನಗಳ ಸ್ಪರ್ಧೆ ಇಟ್ಟಿತು. ಎ.ವಿ. ರೋ ಎಂಬಾತ ಗೆದ್ದ. ಬಂದ 75 ಪೌಂಡಿನ ಬಲದಿಂದ ದೊಡ್ಡ ವಿಮಾನ ಕಟ್ಟುವುದಕ್ಕೆ ಇಳಿದ. 1909ರಲ್ಲಿ ಹಾರಿಯೂ ಹಾರಿದ. ಮುಂದೆ ಅದು ಆವ್ರೋ ಎಂಬ ದೊಡ್ಡ ಕಂಪನಿಯಾಯಿತು. ಆ ಕಂಪನಿಯ ಆರಂಭದ ದಿನಗಳಲ್ಲೇ, 1911-12ರ ಸುಮಾರಿಗೆ, ಅಲ್ಲಿಗೆ ಹೋಗಿ ವಿಮಾನ ಕಟ್ಟುವುದನ್ನೂ ಹಾರಿಸುವುದನ್ನೂ ಕಲಿತವರು ಮೈಸೂರಿನ ಎಸ್.ವಿ. ಸೆಟ್ಟಿ. ಬಹುಮಾನಕ್ಕೆ ಮಾಡಿದ ಒಂದು ಆಟಿಕೆ, ಎರಡು ಹೆಜ್ಜೆ ದಾಟಿ ಮೈಸೂರಿನವರೆಗೆ ಬಂತು.

ರೇಡಿಯೋದಿಂದ ಹಾರಿಸುವುದು ಬಂದದ್ದು ಇನ್ನೂ ತಡವಾಗಿ. 1937ರಲ್ಲಿ ಅಮೆರಿಕದ ಮಿಷಿಗನ್ ರಾಜ್ಯದ ವಾಲ್ಟರ್ ಮತ್ತು ವಿಲಿಯಂ ಗುಡ್ ಎಂಬ ಅವಳಿ ಸಹೋದರರು ಇದನ್ನು ಸಾಧಿಸಿದರು. ಒಬ್ಬನಿಗೆ ವಿಮಾನದ ಹುಚ್ಚು, ಇನ್ನೊಬ್ಬನಿಗೆ ರೇಡಿಯೋದ ಹುಚ್ಚು. ಎರಡು ಹುಚ್ಚು ಒಂದೇ ಮನೆಯಲ್ಲಿದ್ದರೆ ಏನಾದೀತು! 'ಗಫ್' ಎಂದು ಹೆಸರಿಟ್ಟ ಆ ವಿಮಾನ ಈಗ ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಮ್ಯೂಸಿಯಮ್ಮಿನ ಆಸ್ತಿ.

ತಕ್ಕಡಿ ಗೊತ್ತಿದ್ದವನಿಗೆ ಅರ್ಧ ವಿದ್ಯೆ ಬಂದಂತೆ

ಮದುವೆ ಮನೆಯಲ್ಲಿ, ರಥೋತ್ಸವದಲ್ಲಿ ಗುಂಯ್ ಅನ್ನುತ್ತ ತಲೆ ಮೇಲೆ ನಿಲ್ಲುವ ಡ್ರೋನ್ ಈಗ ಎಲ್ಲರಿಗೂ ಗೊತ್ತು. ಹಾಗಾಗಿ "ಅದೇ ಅಲ್ದಾ ಇದು?" ಅಂತ ಕೇಳುತ್ತಾರೆ. ಅದಲ್ಲ. ಫೋಟೋ ತೆಗೆಯುವ ಡ್ರೋನನ್ನು ಒಳಗಿನ ಕಂಪ್ಯೂಟರು ಹಿಡಿದು ನಿಲ್ಲಿಸಿರುತ್ತದೆ. ಕೈಬಿಟ್ಟರೂ ನಿಂತಲ್ಲೇ ನಿಲ್ಲುತ್ತದೆ. ವಿಮಾನ ಹಾಗಲ್ಲ. ಅದು ಮುಂದೆ ಹೋಗುತ್ತಲೇ ಇರಬೇಕು, ನಿಧಾನವಾದರೆ ಬಿದ್ದೇ ಹೋಗುತ್ತದೆ. ಬ್ರೇಕಿಲ್ಲ, ರಿವರ್ಸ್ ಇಲ್ಲ, ಬದಿಗೆ ಹಾಕಿ ನಿಲ್ಲಿಸುವುದಿಲ್ಲ.

ಹಾರಿಸುವವನ ಕೈಯಲ್ಲಿ ಎರಡು ಪುಟ್ಟ ಕಡ್ಡಿಗಳಿರುವ ಪೆಟ್ಟಿಗೆ. ಒಂದು ಕಡ್ಡಿ ಎಂಜಿನ್ನಿಗೆ ಮತ್ತು ಬಾಲದ ಚುಕ್ಕಾಣಿಗೆ. ಗಂಗೊಳ್ಳಿಯ ದೋಣಿಯವರಿಗೆ ಚುಕ್ಕಾಣಿ ಅಂದರೆ ವಿವರಿಸಬೇಕಿಲ್ಲ. ಇನ್ನೊಂದು ಕಡ್ಡಿ ಮೂತಿ ಏರಿಸಲು ಇಳಿಸಲು, ರೆಕ್ಕೆ ವಾಲಿಸಲು. ದೋಣಿಗೆ ಎಡ ಬಲ ಎರಡೇ, ಇದಕ್ಕೆ ಮೇಲೆ ಕೆಳಗೆ ಕೂಡ. ನಿಜವಾದ ಪರೀಕ್ಷೆ ವಿಮಾನ ತಿರುಗಿ ನಮ್ಮ ಕಡೆಗೆ ಬರುವಾಗ. ಆಗ ಅದರ ಎಡ ನಮ್ಮ ಬಲ! ಹೊಸಬರ ವಿಮಾನ ಒಡೆಯುವುದು ಹೆಚ್ಚಾಗಿ ಇಲ್ಲೇ. ಹಳಬರು ಒಂದು ಉಪಾಯ ಹೇಳಿಕೊಡುತ್ತಾರೆ: ಎದುರು ಬರುವಾಗ ಯಾವ ಕಡೆಯ ರೆಕ್ಕೆ ಕೆಳಗೆ ವಾಲಿತೋ ಆ ಕಡೆಗೇ ಕಡ್ಡಿ ದೂಡು, ಊರುಗೋಲು ಕೊಟ್ಟ ಹಾಗೆ. ರೆಕ್ಕೆ ಎದ್ದು ನಿಲ್ಲುತ್ತದೆ.

ತೂಕದ ವಿಷಯದಲ್ಲಿ ಅಂಗಡಿಯವರೇ ಗುರುಗಳು. ಎರಡು ರೆಕ್ಕೆಗಳ ಅಡಿಗೆ ಎರಡು ಬೆರಳಿಟ್ಟು ವಿಮಾನವನ್ನು ಎತ್ತಬೇಕು. ರೆಕ್ಕೆಯ ಮುಂದಿನ ಅಂಚಿನಿಂದ ಅದರ ಅಗಲದ ಕಾಲು ಭಾಗದಿಂದ ಮೂರನೇ ಒಂದು ಭಾಗದೊಳಗೆ ಅದು ತಕ್ಕಡಿಯ ಮುಳ್ಳಿನ ಹಾಗೆ ಸಮವಾಗಿ ನಿಲ್ಲಬೇಕು. ಈ ಲೋಕದಲ್ಲಿ ಓಡಾಡುವ ಒಂದು ಮಾತಿದೆ: ಮೂತಿ ಭಾರವಾದರೆ ಕೆಟ್ಟದಾಗಿ ಹಾರುತ್ತದೆ, ಬಾಲ ಭಾರವಾದರೆ ಒಂದೇ ಸಲ ಹಾರುತ್ತದೆ. ಗಿರಾಕಿಗೆ ಹತ್ತು ಗ್ರಾಂ ಕಡಿಮೆ ತೂಗಿ ದಕ್ಕಿಸಿಕೊಳ್ಳಬಹುದು, ಗಾಳಿಯ ಹತ್ತಿರ ಆಗುವುದಿಲ್ಲ.

ಹಿಂದೆ ಇನ್ನೊಂದು ಫಜೀತಿ ಇತ್ತು. ಈ ರೇಡಿಯೋ ಪೆಟ್ಟಿಗೆಗಳಿಗೆ ಕ್ರಿಸ್ಟಲ್ ಹಾಕಬೇಕಿತ್ತು, ಒಂದು ಕ್ರಿಸ್ಟಲ್ಲಿಗೆ ಒಂದೇ ತರಂಗಾಂತರ. ಇಬ್ಬರ ಬಳಿ ಒಂದೇ ತರಂಗಾಂತರ ಇದ್ದು, ಒಬ್ಬ ಹಾರಿಸುವಾಗ ಇನ್ನೊಬ್ಬ ಸ್ವಿಚ್ ಹಾಕಿದನೋ, ಮೇಲಿದ್ದದ್ದು ನೆಲಕ್ಕೆ! ಅದಕ್ಕೆ ಕ್ಲಬ್ಬಿನ ಮೈದಾನಗಳಲ್ಲಿ ಒಂದು ಹಲಗೆ ತೂಗುಹಾಕಿ, ನಂಬರು ಬರೆದ ಕ್ಲಿಪ್ಪು ಸಿಕ್ಕಿಸುತ್ತಿದ್ದರು. ಬಟ್ಟೆ ಒಣಗಿಸುವ ಕ್ಲಿಪ್ಪೇ. ನಿಮ್ಮ ನಂಬರಿನ ಕ್ಲಿಪ್ಪು ಹಲಗೆಯಲ್ಲಿಲ್ಲ ಅಂದರೆ ಬೇರೆ ಯಾರೋ ಹಾರಿಸುತ್ತಿದ್ದಾರೆ, ನೀವು ಸ್ವಿಚ್ ಮುಟ್ಟಕೂಡದು. ಇಡೀ ಮೈದಾನದ ಮರ್ಯಾದೆ ಒಂದು ಕ್ಲಿಪ್ಪಿನ ಮೇಲೆ. ಈಗಿನ 2.4 ಗಿಗಾಹರ್ಟ್ಸ್ ಪೆಟ್ಟಿಗೆಗಳು ತಮ್ಮ ವಿಮಾನವನ್ನು ತಾವೇ ಗುರುತು ಹಿಡಿಯುತ್ತವೆ, ಆ ತಾಪತ್ರಯ ಮುಗಿಯಿತು. ಭಾರತದಲ್ಲಿ 2005ರಿಂದ ಈ ತರಂಗಗಳಿಗೆ, ಶಕ್ತಿಯ ಒಂದು ಮಿತಿಯೊಳಗೆ, ಲೈಸೆನ್ಸೂ ಬೇಡ. ಮನೆಯಲ್ಲಿ ರೇಡಿಯೋ ಇಟ್ಟುಕೊಳ್ಳಲು ಪೋಸ್ಟಾಫೀಸಿನಲ್ಲಿ ದುಡ್ಡು ಕಟ್ಟಿ ಲೈಸೆನ್ಸ್ ಮಾಡಿಸಿದ ಕಾಲ ಕಂಡ ಹಿರಿಯರು ಇದನ್ನು ನಂಬಲಿಕ್ಕಿಲ್ಲ.

ಮೀನಿನ ಬಾಕ್ಸೂ ಹಾರುತ್ತದೆ

ಬಾಲ್ಸಾ ಮರ ಬರುವುದು ದಕ್ಷಿಣ ಅಮೆರಿಕದ ಕಡೆಯಿಂದ, ದುಬಾರಿ. ಆದರೆ ಅದಕ್ಕೇ ಕಾಯಬೇಕಾಗಿಲ್ಲ. ನಮ್ಮ ದೇಶದ ಹವ್ಯಾಸಿಗಳು ಕೈಗೆ ಸಿಕ್ಕಿದ್ದರಲ್ಲೇ ಕಟ್ಟುತ್ತಾರೆ. ಥರ್ಮಾಕೋಲು, ಚುನಾವಣೆ ಮುಗಿದ ಮೇಲೆ ರಸ್ತೆ ಬದಿ ಬಿದ್ದಿರುವ ಸನ್‌ಪ್ಯಾಕ್ ಬೋರ್ಡು, ಬಿದಿರ ಕಡ್ಡಿ, ಪಾರ್ಸೆಲ್ಲಿಗೆ ಸುತ್ತುವ ಕಂದು ಟೇಪು. ಮೀನಿಗೆ ಐಸ್ ತುಂಬಿ ಕಳಿಸುವ ಥರ್ಮಾಕೋಲ್ ಬಾಕ್ಸು ನಮ್ಮ ಬಂದರುಗಳಲ್ಲಿ ಒಡೆದು ಮೂಲೆಯಲ್ಲಿ ಬಿದ್ದಿರುತ್ತದಲ್ಲ, ಕಾಯಿಸಿದ ತಂತಿಯಿಂದ ಅಂಥದ್ದನ್ನೇ ಕೊಯ್ದರೆ ರೆಕ್ಕೆಯ ಆಕಾರ ಬಂದುಬಿಡುತ್ತದೆ. ವಾಸನೆ ಹೋಗಲು ಎರಡು ದಿನ ಬಿಸಿಲಿಗಿಡಬೇಕು, ಅಷ್ಟೇ!

ಹಗುರದ ಗುಟ್ಟು ನಮ್ಮವರಿಗೆ ಗೊತ್ತಿಲ್ಲದ್ದೇನೂ ಅಲ್ಲ. ಬೆಳಗಿನ ತನಕ ಕುಣಿಯುವ ವೇಷಧಾರಿಯ ತಲೆಯ ಮೇಲಿನ ಕಿರೀಟ, ಭುಜಕೀರ್ತಿ ಇವನ್ನೆಲ್ಲ ಹಗುರ ಮರದಲ್ಲಿ ಕೊರೆದು ಕೂರಿಸಿದವರು ಈ ಮಣ್ಣಿನವರೇ. ಅತ್ತ ಮಂಗಳೂರಿನ ಕಡೆ ನೋಡಿದರೆ, 'ಟೀಮ್ ಮಂಗಳೂರು' ಎಂಬ ಹವ್ಯಾಸಿ ಗಾಳಿಪಟದವರು 36 ಅಡಿ ಎತ್ತರದ ಕಥಕ್ಕಳಿ ಮುಖವನ್ನೇ ಆಕಾಶಕ್ಕೆ ಏರಿಸಿ ಹೆಸರು ಮಾಡಿದರು, ಪಣಂಬೂರಿನ ಕಡಲತಡಿಯಲ್ಲಿ ಪರದೇಶದವರನ್ನೂ ಕರೆಸಿ ಗಾಳಿಪಟ ಉತ್ಸವ ನಡೆಸಿದರು. ದಾರ ಇರುವುದನ್ನು ಹಾರಿಸಿದ ಕರಾವಳಿಗೆ ದಾರ ಇಲ್ಲದ್ದು ಅಷ್ಟೇನೂ ದೂರವಲ್ಲ.

ಮೋಟರು, ಬ್ಯಾಟರಿ, ರೇಡಿಯೋ ಪೆಟ್ಟಿಗೆ ಇವನ್ನು ಮಾತ್ರ ಪೇಟೆಯಿಂದಲೇ ತರಿಸಬೇಕು. ಕಲಿಯಲು ಬೇಕಾಗುವಷ್ಟಕ್ಕೆ ಒಂದು ಸಾಧಾರಣ ಮೊಬೈಲ್ ಫೋನಿನ ದುಡ್ಡು. ಮಗನಿಗೆ ಫೋನ್ ತೆಗೆಸಿಕೊಟ್ಟು, ಆಮೇಲೆ ಅದನ್ನು ಬಿಡಿಸಲು ಹರಕೆ ಹೊರುವ ಅಪ್ಪಂದಿರು ಇದನ್ನೊಮ್ಮೆ ಯೋಚಿಸಬಹುದು. ಹಾಗಂತ ಬರೀ ಒಳ್ಳೆಯದೇ ಹೇಳಿ ಹೋಗುವುದಲ್ಲ. ತಿರುಗುವ ಪಂಖ ಬೆರಳು ಕತ್ತರಿಸುತ್ತದೆ. ಲಿಥಿಯಂ ಬ್ಯಾಟರಿ ಪೆಟ್ಟಾಗಿ ಉಬ್ಬಿದರೆ ಬೆಂಕಿ ಹಿಡಿಯುತ್ತದೆ, ಮಲಗುವ ಕೋಣೆಯಲ್ಲಿ ಚಾರ್ಜಿಗಿಟ್ಟು ನಿದ್ದೆ ಹೋಗುವ ವಸ್ತುವಲ್ಲ ಅದು. ಎರಡು ಕಿಲೋ ಭಾರದ್ದು ವೇಗದಲ್ಲಿ ಬಂದು ತಲೆಗೆ ಬಡಿದರೆ ಆಸ್ಪತ್ರೆಯೇ.

ಇನ್ನು ಮುರಿಯುವ ವಿಷಯ. ಎರಡು ತಿಂಗಳು ರಾತ್ರಿ ಕೂತು ಕಟ್ಟಿದ್ದು ಎರಡು ಸೆಕೆಂಡಿನಲ್ಲಿ ಪುಡಿ. ಸುತ್ತ ನಿಂತವರು ನಗುತ್ತಾರೆ. ಹಾರಿಸಿದವನು ಚೂರುಗಳನ್ನು ಗೋಣಿಗೆ ತುಂಬಿಕೊಂಡು ಮನೆಗೆ ಹೋಗುತ್ತಾನೆ, ಊಟ ಮಾಡಿ ಗೋಂದು ಹುಡುಕುತ್ತಾನೆ. ಅಂದು ಗೋಂದು ಹುಡುಕಿದವನು ಮತ್ತೆ ಬಿಡುವುದಿಲ್ಲ. ಓದು, ನೌಕರಿ, ಮದುವೆ ಅಂತ ಹತ್ತಿಪ್ಪತ್ತು ವರ್ಷ ಅಟ್ಟದ ಮೇಲೆ ಇಟ್ಟವರೂ ರಿಟೈರಾದ ಮೇಲೆ ಕೆಳಗಿಳಿಸಿ ಧೂಳು ಒರೆಸುವುದು ಈ ಹವ್ಯಾಸದಲ್ಲಿ ಸಾಮಾನ್ಯ.

ಜಾಗ ಎಲ್ಲಿದೆ?

ಹುಡುಗರಿದ್ದಾರೆ, ಸಾಮಾನಿದೆ. ಜಾಗ? ನಮ್ಮ ಮೂರೂ ತಾಲೂಕುಗಳ ಕಥೆ ಇಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ.

ಕಣ್ಣು ಹಾಯಿಸಿದಲ್ಲೆಲ್ಲ ತೆಂಗಿನಮರ, ತೆಂಗಿನ ನಡುವೆ ಕರೆಂಟ್ ತಂತಿ. ಕಡಲತಡಿ ಬಯಲಾಗಿದೆ ನಿಜ. ಮರವಂತೆ, ತ್ರಾಸಿ, ಬೈಂದೂರಿನ ಸೋಮೇಶ್ವರ ಎಲ್ಲ ಕಡೆ ಆಕಾಶ ಧಾರಾಳ. ಆದರೆ ಸಂಜೆ ಜನವೋ ಜನ, ಮರವಂತೆಯಲ್ಲಿ ಹೆದ್ದಾರಿಯೇ ನೀರಿಗೆ ತಾಗಿದೆ. ಮೇಲಾಗಿ ಹೊತ್ತೇರಿದ ಮೇಲೆ ಕಡಲಗಾಳಿ ಹಗುರ ವಿಮಾನವನ್ನು ನಿಲ್ಲಗೊಡುವುದಿಲ್ಲ, ಹೊಯ್ಗೆ ಮತ್ತು ಉಪ್ಪುಗಾಳಿ ಮೋಟರಿನ ಬೇರಿಂಗನ್ನು ತಿಂದುಬಿಡುತ್ತದೆ. ಬೆಳಿಗ್ಗೆ ಬೇಗ, ಗಾಳಿ ತಿರುಗುವ ಮೊದಲು, ಹೋದವನಿಗೆ ಮಾತ್ರ ಲಾಭ. ಒತ್ತಿನೆಣೆಯ ಹಾಗೆ ಕಡಲಿಗೆ ಮುಖ ಮಾಡಿದ ಗುಡ್ಡದಲ್ಲಿ ಕಡಲಗಾಳಿ ಬಡಿದು ಮೇಲಕ್ಕೆ ತಿರುಗುತ್ತದೆ. ಅಂಥ ಗಾಳಿಯಲ್ಲಿ ಎಂಜಿನ್ ಇಲ್ಲದ ಗ್ಲೈಡರನ್ನು ಗಂಟೆಗಟ್ಟಲೆ ತೇಲಿಸುವ ವಿದ್ಯೆಯೇ ಪ್ರಪಂಚದಲ್ಲಿದೆ. ರೆಕ್ಕೆ ಬಡಿಯದೆ ಸುತ್ತುವ ಗರುಡನನ್ನು ನೋಡಿ ಕಲಿತದ್ದು ಅಂದರೂ ಸರಿಯೇ. ಆದರೆ ಅಲ್ಲೂ ಕೆಳಗೆ ಹೆದ್ದಾರಿ ಇದೆ ಎಂಬುದನ್ನು ಮರೆಯುವ ಹಾಗಿಲ್ಲ.

ಜಾಗ ಸಿಕ್ಕಿದರೆ ಕಾನೂನಿನ ಹೆದರಿಕೆ. ಈ ಹೆದರಿಕೆಗೆ ಕಾರಣ ಇತ್ತು. 2014ರ ಅಕ್ಟೋಬರಿನಲ್ಲಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ ಒಂದು ನೋಟಿಸ್ ಹೊರಡಿಸಿ, ಖಾಸಗಿಯವರು ಪೈಲಟ್ ಇಲ್ಲದ ಏನನ್ನೂ ಹಾರಿಸಕೂಡದು ಎಂದಿತು. ಡ್ರೋನಿಗೆ ಬಡಿದ ದೊಣ್ಣೆ ಮಾದರಿ ವಿಮಾನಕ್ಕೂ ಬಿತ್ತು. 2018ರ ಡಿಸೆಂಬರಿನಿಂದ ಸ್ವಲ್ಪ ಸಡಿಲ. ಕೊನೆಗೆ 2021ರ ಆಗಸ್ಟ್ 25ರ ಡ್ರೋನ್ ನಿಯಮಗಳು ಮಾದರಿ ವಿಮಾನವನ್ನು ಬೇರೆಯಾಗಿಯೇ ಗುರುತಿಸಿದವು. 25 ಕಿಲೋ ಮೀರದ, ಕಲಿಕೆಗೋ ಸಂಶೋಧನೆಗೋ ಮನಸ್ಸಂತೋಷಕ್ಕೋ ಮಾತ್ರ ಬಳಸುವ, ಕಣ್ಣಿಗೆ ಕಾಣುವಷ್ಟು ದೂರದಲ್ಲೇ ಹಾರಿಸುವಂಥದ್ದು 'ಮಾದರಿ'. ಕಾರ್ಖಾನೆಯ ಡ್ರೋನಿಗೆ ಬೇಕಾದ ಟೈಪ್ ಸರ್ಟಿಫಿಕೇಟ್ ಇದಕ್ಕೆ ಬೇಡ. ನಕ್ಷೆಯಲ್ಲಿ ಹಸಿರು ಬಣ್ಣದ ಜಾಗದಲ್ಲಿ 400 ಅಡಿ ಎತ್ತರದವರೆಗೆ ಹಾರಿಸಲು ಪ್ರತ್ಯೇಕ ಅನುಮತಿಯೂ ಬೇಡ. ಕೆಂಪು, ಹಳದಿ ಬಣ್ಣ ಇದ್ದಲ್ಲಿ ಮಾತ್ರ ಅನುಮತಿ ಇಲ್ಲದೆ ಕಾಲಿಡಬಾರದು. ಗಣ್ಯರು ಬರುವ ದಿನ, ಗಲಾಟೆಯ ದಿನ ಸರ್ಕಾರ ಹಸಿರನ್ನೂ ತಾತ್ಕಾಲಿಕವಾಗಿ ಕೆಂಪು ಮಾಡಬಹುದು. ನಕ್ಷೆ ಸರ್ಕಾರದ್ದೇ, ಹಾರಿಸುವ ದಿನ ನೋಡಿಕೊಂಡೇ ಹೊರಡಬೇಕು. ನಿಯಮಗಳಿಗೆ ತಿದ್ದುಪಡಿ ಬರುತ್ತಿರುತ್ತದೆ, ಅದನ್ನೂ ಓದಿಕೊಳ್ಳಬೇಕು.

ಅಂದರೆ ಕಾನೂನು ಬಾಗಿಲು ತೆರೆದು ವರ್ಷಗಳಾದವು. ಆದರೂ ಹುಡುಗನೊಬ್ಬ ಮೈದಾನದಲ್ಲಿ ವಿಮಾನ ಬಿಟ್ಟರೆ "ಯಾರ್ ಪರ್ಮಿಶನ್ ಕೊಟ್ದ್?" ಅಂತ ಕೇಳಲು ಹತ್ತು ಜನ. ಕೇಳುವವರು ಒಮ್ಮೆ ನಿಯಮ ಓದಿದರೆ ಒಳ್ಳೆಯದು, ಹಾರಿಸುವವರು ಅದರ ಪ್ರತಿಯನ್ನು ಕಿಸೆಯಲ್ಲಿಟ್ಟುಕೊಂಡರೆ ಇನ್ನೂ ಒಳ್ಳೆಯದು.

ಎನ್‌ಸಿಸಿ ವಾಯುದಳದ ಕೆಡೆಟ್‌ಗಳಿಗೆ ಏರೋಮಾಡೆಲಿಂಗ್ ಕಲಿಸುತ್ತಾರೆ, ಅಖಿಲ ಭಾರತ ವಾಯು ಸೈನಿಕ ಶಿಬಿರದಲ್ಲಿ ಸ್ಪರ್ಧೆಯೂ ಇದೆ. ಎಂಜಿನಿಯರಿಂಗ್ ಕಾಲೇಜುಗಳಲ್ಲೂ ಇದರ ತಂಡಗಳಿವೆ. ಆದರೆ ವಾಯುದಳ ಸೇರದ, ಎಂಜಿನಿಯರಿಂಗಿಗೂ ಹೋಗದ ಹುಡುಗ ಎಲ್ಲಿಗೆ ಹೋಗಬೇಕು? ವರ್ಕ್‌ಶಾಪಿನಲ್ಲಿ ಸ್ಪ್ಯಾನರ್ ಹಿಡಿದವನಿಗೆ, ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕಾವಿಯ ಕಡ್ಡಿ ಹಿಡಿದವನಿಗೆ ಈ ವಿದ್ಯೆಗೆ ಬೇಕಾದ ಕೈ ಆಗಲೇ ಇದೆ. ಅವನಿಗೆ ಬೇಕಾದದ್ದು ನೂರಿನ್ನೂರು ಮೀಟರ್ ಬಯಲು, ವಾರಕ್ಕೊಂದು ಬೆಳಿಗ್ಗೆ. ಕ್ರಿಕೆಟ್ ಟೂರ್ನಮೆಂಟಿಗೆ ಶಾಮಿಯಾನ, ಲೈಟು, ಕಪ್ಪು ಕೊಡಲು ಮುಂದೆ ಬರುವ ನಮ್ಮ ಪಂಚಾಯತ್ ಮುಖಂಡರಿಗೆ ಇದೇನು ದೊಡ್ಡ ಕೋರಿಕೆಯಲ್ಲ. ಪೆವಿಲಿಯನ್ ಬೇಡ, ಪಿಚ್ಚೂ ಬೇಡ. ಒಂದು ಬದಿಗೆ ಜನರನ್ನು ನಿಲ್ಲಿಸುವ ಹಗ್ಗ ಸಾಕು.

ಅಲ್ಲಿಯವರೆಗೆ ಗದ್ದೆಯೇ ಗತಿ. ಕಾರ್ತಿ ಬೆಳೆ ಕೊಯ್ದ ಮೇಲೆ ಮಳೆಗಾಲ ಶುರುವಾಗುವ ತನಕ ಎಷ್ಟೋ ಬೈಲುಗಳು ಖಾಲಿ ಬಿದ್ದಿರುತ್ತವೆ, ಕೊಯ್ದ ಕೂಳೆಯ ಮೇಲೆ ವಿಮಾನ ಬಿದ್ದರೂ ಪೆಟ್ಟು ಕಡಿಮೆ. ಆದರೆ ಗದ್ದೆಯ ಯಜಮಾನರನ್ನು ಕೇಳಿಯೇ ಇಳಿಯಬೇಕು. ಉದ್ದೋ ನೆಲಗಡಲೆಯೋ ಬಿತ್ತಿದ ಗದ್ದೆಗೆ ಕಾಲಿಟ್ಟರೆ ವಿಮಾನ ಏಳುವ ಮೊದಲೇ ಬಯ್ಗುಳ ಹಾರಿ ಬರುತ್ತದೆ, ಅದಕ್ಕೆ 400 ಅಡಿಯ ಮಿತಿಯೂ ಇಲ್ಲ.